ಸ್ಮಾರ್ಟ್ ಕಾಂಟ್ರಾಕ್ಟ್ ಕಲಿಯಲು ಹೊರಟ ಹೊಸಬರಿಗೆ

ಎಲ್ಲರಿಗೂ ನಮಸ್ಕಾರ. ಸ್ಮಾರ್ಟ್ ಕಾಂಟ್ರಾಕ್ಟ್ (ಇಥೀರಿಯಂನಂಥ ಬ್ಲಾಕ್‌ಚೈನ್ ಮೇಲೆ ನಡೆಯುವ ಪ್ರೋಗ್ರಾಂ) ಬರೆಯಲು ಯಾವ ಟೂಲ್‌ನಿಂದ ಶುರು ಮಾಡೋದು ಅಂತ ಹಲವರು ಕೇಳುತ್ತಿದ್ದೀರಿ. ಮೊದಲು ರೀಮಿಕ್ಸ್ ತೆರೆಯಿರಿ, ಇದು ಕೋಡ್ ಬರೆದು ಓಡಿಸಿ ನೋಡುವ ಟೂಲ್. ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಾಲಿಡಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಕಂಪೈಲ್ ಮಾಡಿ, ರೀಮಿಕ್ಸ್ ವಿಎಂನಲ್ಲೇ (ಬ್ರೌಸರ್ ಒಳಗಿನ ಅಣಕು ಬ್ಲಾಕ್‌ಚೈನ್) ಡಿಪ್ಲಾಯ್ ಮಾಡಿ, ಅಂದರೆ ಚಾಲನೆಗೆ ಬಿಡಿ. ಅಲ್ಲಿನ ಖಾತೆಗಳಲ್ಲಿ ತಲಾ 100 ಪರೀಕ್ಷಾ ಈಥರ್ (ಈಥರ್ ಅಂದರೆ ಇಥೀರಿಯಂನ ನಾಣ್ಯ) ಇರುತ್ತದೆ, ಕೈಯಿಂದ ಪೈಸೆಯೂ ಹೋಗುವುದಿಲ್ಲ. ಜೊತೆಗೆ ಕ್ರಿಪ್ಟೋಜಾಂಬೀಸ್ ಎಂಬ ಪಾಠದ ಸೈಟ್ ನೋಡಿ, ಆಟ ಆಡುತ್ತಲೇ ಭಾಷೆ ಕೈಗೆ ಹತ್ತುತ್ತದೆ.

ಆಮೇಲೆ ಮೆಟಾಮಾಸ್ಕ್ ಎಂಬ ವಾಲೆಟ್ (ಖಾತೆ ನೋಡಿಕೊಳ್ಳುವ ಆ್ಯಪ್) ಹಾಕಿಕೊಂಡು ಇಥೀರಿಯಂನ ಅಭ್ಯಾಸ ಜಾಲವಾದ ಸೆಪೋಲಿಯಾ ಟೆಸ್ಟ್‌ನೆಟ್‌ಗೆ ಬನ್ನಿ. ಅದರ ಈಥರ್ ಫಾಸೆಟ್ ಎಂಬ ಹಂಚುವ ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತದೆ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ದಯವಿಟ್ಟು ಕಲಿಕೆಗೆ ಬೇರೆಯೇ ವಾಲೆಟ್ ಇರಲಿ. ರಿಕವರಿ ಫ್ರೇಸ್ (ವಾಲೆಟ್ ಮರಳಿ ತೆರೆಯುವ ಗುಟ್ಟಿನ ಪದಗಳು) ಯಾರಿಗೂ ಕೊಡಬೇಡಿ, ಗುಂಪಿನ ಅಡ್ಮಿನ್ ಹೆಸರಲ್ಲಿ ಕೇಳಿದರೂ ಸರಿ.

ಹಳೆಯ ವೀಡಿಯೊಗಳಲ್ಲಿ ಟ್ರಫಲ್, ಗನಾಶ್ ಟೂಲ್‌ಗಳು ಅಥವಾ ರಾಪ್ಸ್ಟನ್ ಎಂಬ ಹಳೆಯ ಟೆಸ್ಟ್‌ನೆಟ್ ಕಂಡರೆ ಅಲ್ಲಿಗೇ ಬಿಡಿ. ಟ್ರಫಲ್ ನಿಲ್ಲಿಸುವುದಾಗಿ ಅದರ ತಯಾರಕರು 2023ರಲ್ಲೇ ಹೇಳಿದ್ದಾರೆ. ಈಗ ಆ ಕೆಲಸಕ್ಕೆ ಹಾರ್ಡ್‌ಹ್ಯಾಟ್ ಅಥವಾ ಫೌಂಡ್ರಿ ಟೂಲ್ ಬಳಸಿ. ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಹಾರ್ಡ್‌ಹ್ಯಾಟ್ ಸುಲಭ.

ಸ್ವಲ್ಪ ಹಿಡಿತ ಬಂದ ಮೇಲೆ ಈಥರ್‌ನಾಟ್ (ತಪ್ಪಿರುವ ಕಾಂಟ್ರಾಕ್ಟ್‌ಗಳನ್ನು ಭೇದಿಸುವ ಆಟ) ಬಿಡಿಸಲೇಬೇಕು. ಅದರಲ್ಲಿ ರೀಎಂಟ್ರನ್ಸಿ (ಹಣ ಕೊಡುವ ಕೋಡ್ ಮುಗಿಯುವ ಮೊದಲೇ ಅದನ್ನೇ ಮತ್ತೆ ಮತ್ತೆ ಕರೆಯುವ ದಾಳಿ) ಹಂತವನ್ನು ನಿಧಾನವಾಗಿ ಮಾಡಿ. 2016ರಲ್ಲಿ ಇಥೀರಿಯಂ ಮೇಲಿನ ಹೂಡಿಕೆ ನಿಧಿಯಾದ ದಿ ಡಿಎಒದಿಂದ ಸುಮಾರು 36 ಲಕ್ಷ ಈಥರ್ ಹೋಗಿದ್ದು ಇದೇ ತಪ್ಪಿನಿಂದ: ಖಾತೆಯ ಲೆಕ್ಕದಿಂದ ಮೊತ್ತ ಕಳೆಯುವ ಮೊದಲೇ ಹಣ ಕಳಿಸಿದ್ದು. ಎಲ್ಲಿ ಸಿಕ್ಕಿಹಾಕಿಕೊಂಡರೂ ಎರರ್ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.