ಅಜ್ಜಿಗೆ ಹೇಳಿದ ಸುಳ್ಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ನೀನು ಕೇಳಿದೆಯಲ್ಲ, 'ತರ್ಕದಿಂದ ಸಾಬೀತು ಮಾಡೋಕೆ ಆಗದ ನೀತಿಯನ್ನ ನಾನ್ಯಾಕೆ ಒಪ್ಪಬೇಕಪ್ಪಾ?' ಅಂತ. ಅವತ್ತು ಏನೋ ಹೇಳಿ ಮಾತು ಮುಗಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಜ್ಜಿಯ ಕೊನೆಯ ದಿನಗಳು ನಿನಗೆ ನೆನಪಿವೆಯಾ? ನಿನಗಾಗ ಎಂಟು ವರ್ಷ. ಅತ್ತೆ ಮನೆಯ ಕಿಟಕಿ ಪಕ್ಕ ಕೂತು, ಹೊದಿಕೆಯ ಅಂಚನ್ನು ಮಡಚುತ್ತಾ ಬಿಡಿಸುತ್ತಾ, 'ನಿಮ್ಮಪ್ಪ ಇನ್ನೂ ಬಂದಿಲ್ವಲ್ಲೋ' ಅನ್ನುತ್ತಿದ್ದರು. ಮೊದಲ ಸಲ ನಾನು ನಿಜವನ್ನೇ ಹೇಳಿದೆ. ಅಪ್ಪ ಹೋಗಿ ಆರು ವರ್ಷ ಆಯ್ತಮ್ಮಾ ಅಂದೆ. ಆಗಷ್ಟೇ ಸಾವಿನ ಸುದ್ದಿ ಕೇಳಿದವರ ಹಾಗೆ ಅತ್ತರು. ಅರ್ಧ ಗಂಟೆಯಲ್ಲಿ ಎಲ್ಲ ಮರೆತು ಮತ್ತೆ ಅದೇ ಮಾತು. ಆಮೇಲಿಂದ 'ಬರ್ತಾರಮ್ಮಾ, ಸ್ವಲ್ಪ ತಡ ಆಗುತ್ತೆ' ಅನ್ನತೊಡಗಿದೆ. ನೀನು ನನ್ನ ತೋಳು ಜಗ್ಗಿ, 'ಸುಳ್ಳು ಹೇಳಬಾರದು ಅಂತ ನೀನೇ ಹೇಳಿದ್ದಲ್ವಾ?' ಅಂತ ಪಿಸುಗುಟ್ಟಿದೆ.

ಜರ್ಮನ್ ತತ್ವಜ್ಞಾನಿ ಕ್ಯಾಂಟ್ ಇದ್ದಿದ್ದರೆ ನಿನ್ನ ಪಕ್ಷ ವಹಿಸುತ್ತಿದ್ದ. ಕೊಲ್ಲಲು ಬಂದವನು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಕೂಡದು ಅಂತ 1797ರಲ್ಲಿ ವಾದಿಸಿದವನು ಆತ. ನೀತಿ ಬುದ್ಧಿಯಿಂದಲೇ ಹುಟ್ಟಬೇಕು ಅನ್ನುವುದು ಅವನ ನಂಬಿಕೆ. ಇಂಗ್ಲೆಂಡಿನ ಚಿಂತಕ ಬೆಂಥಮ್ ಆಗಿದ್ದರೆ ಯಾವುದರಿಂದ ನೋವು ಕಡಿಮೆ ಅಂತ ಲೆಕ್ಕ ಹಾಕಿ, ಸುಳ್ಳೇ ಹೇಳು ಅನ್ನುತ್ತಿದ್ದ. ಇಬ್ಬರೂ ತರ್ಕವನ್ನೇ ನಂಬಿದವರು. ಉತ್ತರ ಮಾತ್ರ ಎದುರುಬದುರು.

ನನ್ನ ತರ್ಕ ಚಿಕ್ಕದು. 'ಹೇಗಿದ್ದರೂ ಮರೆತುಹೋಗುತ್ತೆ, ಸುಮ್ನೆ ಯಾಕೆ ಅಳಿಸಬೇಕು?' ಸರಿ ಅಲ್ವಾ? ಆದರೆ ಒಂದು ಭಾನುವಾರ ತುಂಬಾ ಸುಸ್ತಾಗಿತ್ತು. ಅದೇ ಮಾತು ಮತ್ತೆ ಬಂತು: 'ಹೇಗಿದ್ದರೂ ಮರೆತುಹೋಗುತ್ತೆ, ಹೋಗದಿದ್ದರೆ ಏನಾಯ್ತು?' ನಾನು ಹೋಗಲಿಲ್ಲ. ಆ ವಾದದಲ್ಲಿ ತಪ್ಪು ಹುಡುಕಲು ನಾನು ಇವತ್ತಿಗೂ ಒದ್ದಾಡುತ್ತೇನೆ. ಅಜ್ಜಿಗೆ ಗೊತ್ತಾಗಲಿಲ್ಲ, ನೋವಾಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1740ರಲ್ಲೇ ಇದನ್ನು ಹಿಡಿದಿದ್ದ. 'ಹೀಗಿದೆ, ಹಾಗಿದೆ' ಅಂತ ಹೇಳುತ್ತಾ ಹೋಗುವವರು ಇದ್ದಕ್ಕಿದ್ದಂತೆ 'ಹೀಗಿರಬೇಕು' ಅಂದುಬಿಡುತ್ತಾರೆ, ಆ 'ಬೇಕು' ಎಲ್ಲಿಂದ ಬಂತು ಅಂತ ಕೇಳಿದ. ನಮ್ಮ ಭಾಷೆಯನ್ನೇ ನೋಡು. ನೀರು ಬೇಕು ಅನ್ನುವಾಗಲೂ ಬೇಕು, ನಿಜ ಹೇಳಬೇಕು ಅನ್ನುವಾಗಲೂ ಬೇಕು. ನನಗೆ ಅಜ್ಜಿ ಬೇಕಾಗಿದ್ದರು. ಅದನ್ನು ಯಾವ ತರ್ಕವೂ ನನಗೆ ಕೊಟ್ಟದ್ದಲ್ಲ. ಅದು ಮೊದಲೇ ಇತ್ತು, ಲೆಕ್ಕ ಶುರುವಾಗಿದ್ದು ಆಮೇಲೆ.

ಹಾಗಂತ ತರ್ಕ ಬೇಡ ಅಂದುಕೊಳ್ಳಬೇಡ. ಬರೀ ಕರುಳಿನ ಮಾತು ಕೇಳಿದರೆ ನಮ್ಮವರಷ್ಟೇ ಕಾಣುತ್ತಾರೆ. ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಕೇಳಿದ್ದು ಇದನ್ನೇ. ಕಣ್ಣೆದುರು ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾದರೂ ಇಳಿಯುತ್ತೀಯ. ದೂರದೇಶದಲ್ಲಿ ಹಸಿವಿನಿಂದ ಸಾಯುವ ಮಗುವಿಗೆ ಮಾತ್ರ ಯಾಕೆ ಬೇರೆ ನ್ಯಾಯ? ಈ ಪ್ರಶ್ನೆ ನನ್ನನ್ನು ನಾಚಿಸಿದೆ, ಜೇಬಿಗೆ ಕೈ ಹಾಕಿಸಿದೆ. ನಿನ್ನ ಚುರುಕು ಬುದ್ಧಿ ಇಂಥ ಕಡೆ ಬೇಕೇ ಬೇಕು. ಆದರೆ ಮಗು ಸತ್ತರೆ ಏನಂತೆ ಅನ್ನುವವನಿಗೆ ಸಿಂಗರ್ ಕೂಡ ಎಲ್ಲಿಂದ ಶುರು ಮಾಡಬೇಕು ಹೇಳು.

ಮುಂದಿನ ಭಾನುವಾರ ಹೋದೆ. ಮಳೆಯಲ್ಲಿ ನೆನೆದಿದ್ದೆ. ಅಜ್ಜಿ ನನ್ನ ಕೈ ಮುಟ್ಟಿ, 'ಎಷ್ಟು ತಣ್ಣಗಿದೆಯೋ' ಅಂತ ತಮ್ಮ ಹೊದಿಕೆಯೊಳಗೆ ಎಳೆದುಕೊಂಡರು. ನಾನು ಯಾರು ಅಂತ ಅವತ್ತು ಅವರಿಗೆ ನೆನಪಿತ್ತೋ ಇಲ್ಲವೋ. ನಾನು ಕೇಳಲಿಲ್ಲ.

ನಿನ್ನ
ಅಪ್ಪ