ಕಡಲೆಕಾಯಿ ಇಲ್ಲದ ಚಟ್ನಿಪುಡಿ

ಅಮೆರಿಕದ ನಮ್ಮ ಕನ್ನಡ ಸಂಘದ ಎಲ್ಲ ಬಂಧುಗಳಿಗೆ ನಮಸ್ಕಾರ.

ಈ ಸಂಚಿಕೆಯ ಸಂಪಾದಕೀಯವನ್ನು ಬೆಂಗಳೂರಿನ ಹನುಮಂತನಗರದಿಂದ ಬರೆಯುತ್ತಿದ್ದೇನೆ. ಅಮ್ಮನನ್ನು ನೋಡಲೆಂದು ಮೂರು ವಾರದ ಮಟ್ಟಿಗೆ ಬಂದಿದ್ದೇನೆ. ಎದುರು ಮನೆಯ ಹುಡುಗಿ ಜೂನ್ ತಿಂಗಳಲ್ಲಿ ಅಮೆರಿಕದ ಮಕ್ಕಳ ಬೇಸಿಗೆ ಶಿಬಿರವೊಂದಕ್ಕೆ ಕೌನ್ಸೆಲರ್ ಆಗಿ ಹೊರಟಿದ್ದಾಳೆಂದು ತಿಳಿದು, ಮಾತನಾಡಿಸಿಕೊಂಡು ಬರಲು ಅವರ ಮನೆಗೆ ಹೋದೆ. ಅವಳ ತಾಯಿ ಮಗಳೊಂದಿಗೆ ಕಳುಹಿಸಲು ಚಟ್ನಿಪುಡಿಯ ಸಿದ್ಧತೆಯಲ್ಲಿದ್ದರು. ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ ಹುರಿದಾಗಿತ್ತು. ಪಕ್ಕದ ತಟ್ಟೆಯಲ್ಲಿ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಆರುತ್ತಿತ್ತು. ಮಗಳು ಆ ತಟ್ಟೆಯನ್ನು ಎತ್ತಿ ಬೀಜವನ್ನೆಲ್ಲ ಬೇರೆ ಡಬ್ಬಿಗೆ ಸುರಿದಳು, ಮಿಕ್ಸಿಯ ಜಾರನ್ನು ಎರಡು ಸಲ ಸೋಪು ಹಾಕಿ ತೊಳೆದಳು. "ಒಂದು ಚೂರು ಬಿದ್ದರೆ ಏನಾಗುತ್ತೆ?" ಎಂದು ತಾಯಿ ಕೇಳಿದರು. "ಶಿಬಿರದಲ್ಲಿ ಕಡಲೆಕಾಯಿ ಅಲರ್ಜಿ ಇರೋ ಮಗುವಿಗೆ ಉಸಿರು ಕಟ್ಟುತ್ತೆ ಅಮ್ಮ" ಎಂದಳು. ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವ ದೊಡ್ಡ ಬಸವಣ್ಣನ ಗುಡಿಗೆ ಆ ಮನೆಯಿಂದ ನಡೆದೇ ಹೋಗಬಹುದು.

ನನ್ನ ಇಬ್ಬರು ಮಕ್ಕಳನ್ನೂ ನಾಲ್ಕು ಬೇಸಿಗೆ ಇಂಥ ಶಿಬಿರಗಳಿಗೆ ಕಳುಹಿಸಿದ್ದೇನೆ. ಶುಲ್ಕ ಕಟ್ಟಿದೆ, ಮಲಗುವ ಚೀಲ ಕೊಡಿಸಿದೆ, ಗೇಟಿನ ಬಳಿ ಇಳಿಸಿ ಬಂದೆ. ರಾತ್ರಿ ನನ್ನ ಮಗುವಿನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವರು ಯಾರು, ಯಾವ ಊರಿನವರು ಎಂದು ಒಮ್ಮೆಯೂ ಕೇಳಲಿಲ್ಲ. ಹನುಮಂತನಗರದ ಆ ಅಡುಗೆಮನೆಯಲ್ಲಿ ನಿಂತಾಗ ಅದು ನನ್ನನ್ನು ನಿಜವಾಗಿಯೂ ಕಾಡಿತು.

ಕೌನ್ಸೆಲರ್ ಎಂದರೆ ಇಲ್ಲಿ ಆಪ್ತಸಲಹೆಗಾರರಲ್ಲ, ಮಕ್ಕಳೊಂದಿಗೆ ಹಗಲಿರುಳೂ ಇರುವ ಹಿರಿಯಣ್ಣ, ಹಿರಿಯಕ್ಕ. ಬೆಂಗಳೂರಿನ ಬೇಸಿಗೆ ಶಿಬಿರಗಳಿಗೆ, ಕಬ್ಬನ್ ಪಾರ್ಕಿನ ಬಾಲಭವನಕ್ಕಾಗಲಿ ಬಡಾವಣೆಯ ರಂಗಶಿಬಿರಗಳಿಗಾಗಲಿ, ಮಕ್ಕಳು ಬೆಳಿಗ್ಗೆ ಹೋಗಿ ಹೊತ್ತು ಮುಳುಗುವ ಮುಂಚೆ ಮನೆಗೆ ಬರುತ್ತಾರೆ. ಅಮೆರಿಕದ ವಸತಿ ಶಿಬಿರಗಳಲ್ಲಿ ಅವರು ವಾರಗಟ್ಟಲೆ ಕಾಡಿನ ನಡುವಿನ ಮರದ ಕ್ಯಾಬಿನ್‌ಗಳಲ್ಲಿ ಉಳಿಯುತ್ತಾರೆ. 1861ರಲ್ಲಿ, ಅಂತರ್ಯುದ್ಧದ ಮೊದಲ ಬೇಸಿಗೆಯಲ್ಲಿ, ಕನೆಕ್ಟಿಕಟ್‌ನ ಶಾಲಾಶಿಕ್ಷಕ ಫ್ರೆಡೆರಿಕ್ ಗನ್ ತನ್ನ ವಿದ್ಯಾರ್ಥಿಗಳನ್ನು ಸಮುದ್ರತೀರಕ್ಕೆ ಕರೆದೊಯ್ದು ಡೇರೆ ಹಾಕಿದಂದಿನಿಂದ ಬೆಳೆದುಬಂದ ಪದ್ಧತಿ ಇದು. ಇಂದು ಅದು ನಡೆಯುವುದರಲ್ಲಿ ಹೊರದೇಶಗಳಿಂದ ಬರುವ ಯುವಕ ಯುವತಿಯರ ದುಡಿಮೆಯ ಪಾಲು ದೊಡ್ಡದಿದೆ.

ಆ ದುಡಿಮೆ ಎಂಥದೆಂದು ನನಗೆ ಬಿಡಿಸಿ ಹೇಳಿದವನು, ಎರಡು ಬೇಸಿಗೆ ಅಲ್ಲಿ ಕಳೆದು ಬಂದಿರುವ ಬನಶಂಕರಿಯ ಯುವಕ. ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಮುಂದಿಟ್ಟುಕೊಂಡು ಅವನು ಮೊದಲು ಹೇಳಿದ್ದು ಕೆರೆಯ ವಿಷಯ. ಈಜಲು ಇಳಿಯುವ ಪ್ರತಿ ಮಗುವಿಗೂ ಒಬ್ಬ ಜೊತೆಗಾರ ಇರಬೇಕು. ಇಬ್ಬರ ಬಿಲ್ಲೆಗಳೂ ದಡದ ಹಲಗೆಯ ಮೇಲೆ ಒಂದೇ ಮೊಳೆಗೆ ನೇತಾಡುತ್ತಿರಬೇಕು. ಸೀಟಿ ಊದಿದ ಕೂಡಲೇ ಜೊತೆಗಾರರು ಕೈ ಹಿಡಿದು ಮೇಲೆತ್ತಬೇಕು. ನೀರಿನಲ್ಲಿರುವ ತಲೆಗಳ ಲೆಕ್ಕವೂ ಹಲಗೆಯ ಬಿಲ್ಲೆಗಳ ಲೆಕ್ಕವೂ ಒಂದಾಗುವವರೆಗೆ ಯಾರೂ ಅಲುಗಾಡುವಂತಿಲ್ಲ. "ಒಂದು ದಿನ ಒಂದು ಬಿಲ್ಲೆ ಹೆಚ್ಚಿತ್ತು ಸಾರ್. ಹುಡುಗ ಬಿಲ್ಲೆ ತೆಗೆಯದೆ ಶೌಚಾಲಯಕ್ಕೆ ಹೋಗಿದ್ದ. ಅವನು ಸಿಗುವವರೆಗಿನ ಆ ಎರಡು ನಿಮಿಷ ನನಗೆ ಈಗಲೂ ಕನಸಿನಲ್ಲಿ ಬರುತ್ತೆ" ಎಂದ. ಸಂಜೆ ಪ್ರತಿ ಮಗುವಿನ ಕಾಲಿನಲ್ಲಿ, ಕಿವಿಯ ಹಿಂದೆ ಉಣ್ಣೆ ಹುಳು ಕಚ್ಚಿದೆಯೇ ಎಂದು ನೋಡಬೇಕು, ಏಕೆಂದರೆ ಆ ಭಾಗದ ಕಾಡುಗಳಲ್ಲಿ ಲೈಮ್ ಕಾಯಿಲೆ ಹರಡುವುದು ಉಣ್ಣೆಯಿಂದ. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ, ಸಾಂತ್ವನ ಹೇಳುವುದಾದರೂ ಮತ್ತೊಬ್ಬರ ಕಣ್ಣಳತೆಯಲ್ಲೇ ಹೇಳಬೇಕು.

ಅವನ ಕ್ಯಾಬಿನ್ನಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಮೊದಲ ಮೂರು ರಾತ್ರಿ ಮನೆ ನೆನೆದು ಅತ್ತನಂತೆ. "ನಾಳೆ ಅಪ್ಪ ಬರುತ್ತಾರೆ" ಎಂದು ಸುಳ್ಳು ಸಮಾಧಾನ ಹೇಳಬಾರದೆಂದು ತರಬೇತಿಯಲ್ಲೇ ಕಲಿಸಿರುತ್ತಾರೆ. ನಾಲ್ಕನೆಯ ದಿನ ಈ ಯುವಕ ಕ್ಯಾಬಿನ್ನಿನ ಮುಂದಿನ ಮಣ್ಣಿನಲ್ಲಿ ಏಳೇಳರಂತೆ ಎರಡು ಸಾಲು ಗುಳಿ ತೋಡಿ, ಬೆಣಚುಕಲ್ಲು ಆರಿಸಿ ತಂದು ಅಳಗುಳಿಮನೆ ಹೂಡಿದ. ಕಲ್ಲು ಬಿಡುವಾಗ ಬಾಯಲ್ಲಿ ತಾನಾಗಿ ಒಂದು, ಎರಡು, ಮೂರು ಎಂದೇ ಬರುತ್ತಿತ್ತು. ಮೂರು ವಾರದಿಂದ ಈ ಯುವಕ ಯಾರೊಡನೆಯೂ ಕನ್ನಡ ಮಾತನಾಡಿರಲಿಲ್ಲ. ವಾರ ಮುಗಿಯುವಷ್ಟರಲ್ಲಿ ಆ ಹುಡುಗ ಐದರವರೆಗೆ ಕನ್ನಡದಲ್ಲೇ ಎಣಿಸುತ್ತಿದ್ದ. ಇದನ್ನು ಹೇಳುವಾಗ ಅವನ ಮುಖದಲ್ಲಿದ್ದ ಹೆಮ್ಮೆ ಯಾವ ಕಂಪನಿಯ ನೇಮಕಾತಿ ಪತ್ರದಿಂದಲೂ ಬರುವಂಥದ್ದಲ್ಲ.

ಇದೇ ಯುವಕನ ಮೊದಲ ಬೇಸಿಗೆ ಹೀಗಿರಲಿಲ್ಲ. ಕೌನ್ಸೆಲರ್ ಎಂದು ಕರೆಸಿಕೊಂಡ ಶಿಬಿರದವರು ಅವನನ್ನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ನಿಲ್ಲಿಸಿದರು. ಇನ್ನೂರು ಜನರ ತಟ್ಟೆ, ದಿನಕ್ಕೆ ಮೂರು ಹೊತ್ತು. ಬೇರೆ ದಾರಿಯಿಲ್ಲವೆಂದು ತಿಳಿದು ಇಡೀ ಬೇಸಿಗೆ ಸುಮ್ಮನಿದ್ದ. ಪಾತ್ರೆ ತೊಳೆಯುವುದು ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಕೌನ್ಸೆಲರ್‌ಗಳಿಗೆ ಕೊಡುವ ಜೆ-1 (ವಿನಿಮಯ ಭೇಟಿಗಾರರ) ವೀಸಾದ ಶಿಬಿರ ವರ್ಗದ ನಿಯಮ ಸ್ಪಷ್ಟವಾಗಿದೆ. ಶಿಬಿರ ಜೀವನದ ಸಣ್ಣಪುಟ್ಟ ಕೆಲಸಗಳನ್ನು ಎಲ್ಲರಂತೆ ಮಾಡಬೇಕಾದರೂ, ಅಡುಗೆಯವರು, ಪಾತ್ರೆ ತೊಳೆಯುವವರು, ಕಸಗುಡಿಸುವವರು, ಕಚೇರಿ ಸಿಬ್ಬಂದಿ ಇವರ ಸ್ಥಾನ ತುಂಬಲು ಈ ವೀಸಾದಲ್ಲಿ ಯಾರನ್ನೂ ತರುವಂತಿಲ್ಲ. ಅದೇ ಕೆಲಸ ಮಾಡುವ ಅಮೆರಿಕನ್ನರಿಗೆ ಸರಿಸಮನಾದ ಸಂಬಳ ಸವಲತ್ತು ಕೊಡಬೇಕೆಂದೂ ಅಲ್ಲೇ ಇದೆ. ವೀಸಾ ಸಂದರ್ಶನದ ಹೊತ್ತಿಗೆ ಕೊಡುವ ಹಕ್ಕುಗಳ ಕಿರುಹೊತ್ತಗೆಯಲ್ಲಿ ಸಹಾಯವಾಣಿಯ ಸಂಖ್ಯೆಯೂ ಇರುತ್ತದೆ. ಮಾನವ ಕಳ್ಳಸಾಗಣೆ ತಡೆಯುವ ಅಮೆರಿಕದ 2008ರ ಕಾನೂನಿನ ಫಲವಾದ ಆ ಹೊತ್ತಗೆಯನ್ನು ಅವನು ತೆರೆದೇ ನೋಡಿರಲಿಲ್ಲ, ನೋಡೆಂದು ಹೇಳುವವರೂ ಇರಲಿಲ್ಲ.

ಬೆಂಗಳೂರಿನ ತಂದೆತಾಯಿಗಳು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಚುಟುಕಾಗಿ ಉತ್ತರಿಸುತ್ತೇನೆ, ನಮ್ಮ ಓದುಗರ ಅಣ್ಣತಮ್ಮಂದಿರ ಮಕ್ಕಳಿಗೂ ಉಪಯೋಗವಾಗಲಿ. ವಯಸ್ಸು 18 ತುಂಬಿರಬೇಕು. ಅವಧಿ ಹೆಚ್ಚೆಂದರೆ ನಾಲ್ಕು ತಿಂಗಳು. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಯೇ, ಜೆ-1 ವೀಸಾ ಅರ್ಜಿಗೆ ಬೇಕಾದ ಡಿಎಸ್-2019 ಎಂಬ ಅರ್ಹತಾ ಪತ್ರ ಕೊಡಬೇಕು. ಬೇರೆ ಯಾರು ಕೊಡುತ್ತೇನೆಂದರೂ ನಂಬಬೇಡಿ. ವೀಸಾ ಅರ್ಜಿ ಶುಲ್ಕ 185 ಡಾಲರ್, ಸೆವಿಸ್ (ವಿದ್ಯಾರ್ಥಿಗಳ, ವಿನಿಮಯ ಭೇಟಿಗಾರರ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 35 ಡಾಲರ್. ಪ್ರತಿ ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಹಣ ಕೂಡಿಡುವ ಲೆಕ್ಕದಲ್ಲಿ ಹೋಗುವವರು ಒಂದು ವಿಷಯ ತಿಳಿದಿರಬೇಕು: ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಶಿಬಿರಗಳಿಗೆ ಅಮೆರಿಕದ ಫೆಡರಲ್ ಕನಿಷ್ಠ ವೇತನದಿಂದ ವಿನಾಯಿತಿ ಇದೆ, ಆದ್ದರಿಂದ ಅಮೆರಿಕದ ಹುಡುಗರಿಗೂ ಇಡೀ ಬೇಸಿಗೆಗೆ ಇಷ್ಟು ಎಂಬ ಸಣ್ಣ ಮೊತ್ತವೇ ಸಿಗುವುದು ವಾಡಿಕೆ. ಇದು ಅಮೆರಿಕದಲ್ಲಿ ಕಾಯಂ ನೆಲೆಸುವ ಗ್ರೀನ್ ಕಾರ್ಡಿನ ಮೆಟ್ಟಿಲು ಎಂದು ಹೇಳುವ ಏಜೆಂಟರಿಂದ ದೂರವಿರಿ.

ಬೆಂಗಳೂರಿನವರಿಗೆ ಹೆಚ್ಚಿನ ತೊಡಕು ಕಾಲೇಜಿನ ಪಂಚಾಂಗದ್ದು. ಅಲ್ಲಿ ಸಿಬ್ಬಂದಿಯ ತರಬೇತಿ ಜೂನ್‌ನಲ್ಲಿ ಶುರುವಾದರೆ, ಇಲ್ಲಿ ಸಮ ಸೆಮಿಸ್ಟರಿನ ಪರೀಕ್ಷೆಗಳು ಬಹಳ ಸಲ ಜೂನ್, ಜುಲೈನಲ್ಲೇ ಬೀಳುತ್ತವೆ. ಎದುರು ಮನೆಯ ಹುಡುಗಿ ಪದವಿ ಮುಗಿಸಿ ಒಂದು ವರ್ಷ ಕಾದು ಅರ್ಜಿ ಹಾಕಿದ್ದು ಇದೇ ಕಾರಣಕ್ಕೆ. ವೀಸಾ ವಿಷಯದಲ್ಲೂ ತಡ ಮಾಡುವಂತಿಲ್ಲ: 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿಗಳಿಗೂ ವಿನಿಮಯ ಭೇಟಿಗಾರರಿಗೂ ಕೊಡುವ ಎಫ್, ಎಂ, ಜೆ ವೀಸಾಗಳಿಗೆ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನು ನಿಲ್ಲಿಸಿ, ಜೂನ್ ಮಧ್ಯ ದಾಟಿದ ಮೇಲೆ ಮತ್ತೆ ಆರಂಭಿಸಿದರು. ನಾಲ್ಕು ವರ್ಷದ ಓದಿಗೆ ಮೂರು ವಾರದ ವಿಳಂಬ ತಡೆದುಕೊಳ್ಳುವ ಶಕ್ತಿಯಿದೆ, ಎಂಟು ವಾರದ ಶಿಬಿರಕ್ಕೆ ಇಲ್ಲ.

ಈಗ ನಮ್ಮ ಸಂಘದ ಮಾತು. ನಮ್ಮಲ್ಲಿ ಬಹಳಷ್ಟು ಮಂದಿಯ ಮನೆಯಿಂದ ಪೆನ್ಸಿಲ್ವೇನಿಯಾದ ಪೋಕೊನೋ ಬೆಟ್ಟಗಳಿಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಆ ಬೆಟ್ಟಗಳ ತುಂಬ ಶಿಬಿರಗಳಿವೆ. ಕೌನ್ಸೆಲರ್‌ಗಳಿಗೆ ಆಗೊಮ್ಮೆ ಈಗೊಮ್ಮೆ ಒಂದು ದಿನದ ರಜೆ ಸಿಗುತ್ತದೆ. ಕಾರಿಲ್ಲದ ಹೊರದೇಶದ ಹುಡುಗರು ಆ ದಿನವನ್ನು ಪೇಟೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆದು, ಪಕ್ಕದ ಅಂಗಡಿಯ ಮುಂದೆ ಕುಳಿತು ಕಳೆಯುತ್ತಾರೆ. ಅವರನ್ನು ಕರೆತಂದು, ಸಾರು ಅನ್ನ ಬಡಿಸಿ, ಬಟ್ಟೆ ಒಗೆಯಲು ಯಂತ್ರ ಬಿಟ್ಟುಕೊಟ್ಟು, ಮಧ್ಯಾಹ್ನ ಒಂದು ಗಡದ್ದು ನಿದ್ದೆ ಮಾಡಲು ಬಿಟ್ಟು ಸಂಜೆ ವಾಪಸು ಬಿಟ್ಟು ಬರುವ ಮನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಲು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಸಸ್ಯಾಹಾರಿ ಮಕ್ಕಳಿಗಂತೂ ಇದು ದೊಡ್ಡ ಆಸರೆ. ಶಿಬಿರದ ಬೆಂಕಿಯ ಸುತ್ತ ಸುಟ್ಟು ತಿನ್ನುವ ಮಾರ್ಷ್‌ಮೆಲೋ ಎಂಬ ಮೆದು ಮಿಠಾಯಿಯಲ್ಲೂ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆಂದು ಹಲವರಿಗೆ ತಿಳಿಯುವುದು ತಿಂದ ಮೇಲೆಯೇ. ಇನ್ನು ಅಡುಗೆಮನೆಗೆ ತಳ್ಳಿದ್ದಾರೆ, ರಜೆ ಕೊಟ್ಟಿಲ್ಲ ಎಂಬಂಥ ದೂರಿದ್ದರೆ ಪ್ರಾಯೋಜಕರಿಗೆ ಪತ್ರ ಬರೆಯಲು ಪಕ್ಕದಲ್ಲಿ ಕುಳಿತು ನೆರವಾಗುವ ಹಿರಿಯರು ನಮ್ಮಲ್ಲಿ ಇದ್ದೇ ಇದ್ದಾರೆ. ಮೇ ತಿಂಗಳ ಕೊನೆಯೊಳಗೆ ನಿಮ್ಮ ಹೆಸರು ತಿಳಿಸಿ.

ನನ್ನ ಹೆಸರು ಪಟ್ಟಿಯಲ್ಲಿ ಆಗಲೇ ಸೇರಿದೆ. ನಿನ್ನೆ ಸಂಜೆ ಎದುರು ಮನೆಯ ತಾಯಿ ಬಂದು ಒಂದು ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಮಗಳು ಎತ್ತಿಟ್ಟ ಬೀಜವನ್ನು ಹಾಕಿ ಬೇರೆಯಾಗಿ ಕುಟ್ಟಿದ ಚಟ್ನಿಪುಡಿ. ಅವಳು ರಜೆಯ ದಿನ ನಿಮ್ಮ ಮನೆಗೆ ಬಂದಾಗ ಬಿಸಿ ಅನ್ನಕ್ಕೆ ತುಪ್ಪದೊಂದಿಗೆ ಹಾಕಿಕೊಡಿ, ಶಿಬಿರಕ್ಕೆ ಹಿಂದಿರುಗುವ ಮುಂಚೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಲು ನೆನಪಿಸಿ ಎಂದರು. ಡಬ್ಬಿ ನನ್ನ ಸೂಟ್‌ಕೇಸಿನಲ್ಲಿ, ಎರಡು ಪ್ಲಾಸ್ಟಿಕ್ ಚೀಲಗಳ ಒಳಗೆ ಕಟ್ಟಿಟ್ಟಿದ್ದೇನೆ.