ಹೆಸರು ಕೇಳದೆ ಬಿಟ್ಟ ಅಕ್ಕನಿಗೆ

ಪುಣೆಯ ಕೋಥ್ರೂಡಿನಲ್ಲಿ ಭಾನುವಾರ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. 2023ರ ಮೇ ಗಲಭೆಯ ನಂತರ ಮಣಿಪುರದಿಂದ ಬಂದ ಹುಡುಗನೊಬ್ಬನಿದ್ದಾನೆ. ಗಣಪತಿ ಹಬ್ಬದಲ್ಲಿ ಪಟಾಕಿ ಸಿಡಿದಾಗ ಮೇಜಿನ ಕೆಳಗೆ ನುಗ್ಗಿದ, ನಾನು ಪೆದ್ದನ ಹಾಗೆ 'ನಾಟಕ ಸಾಕು' ಎಂದು ಗದರಿದೆ. ಪಕ್ಕದ ಮನೆಗೆ ನೆಂಟರಾಗಿ ಬಂದಿದ್ದ ನೀವು ಒಳಗೆ ಬಂದು 'ಬೈಬ್ಯಾಡ್ರಿ ಸರ್, ಅವಂಗ ಅದು ಗುಂಡಿನ ಸದ್ದು' ಎಂದಿರಿ. ಅವನನ್ನು ಮುಟ್ಟದೆ, ಸ್ವಲ್ಪ ದೂರದಲ್ಲಿ ನೆಲಕ್ಕೇ ಕೂತು, ಹಿಂದಿಯಲ್ಲಿ ಮೆಲ್ಲಗೆ ಮಾತಾಡುತ್ತಾ, ಪಾದ ನೆಲಕ್ಕೆ ಒತ್ತಿಸಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿದಿರಿ, ಉಸಿರು ನಿಧಾನವಾಗುವವರೆಗೆ. ಹೆದರಿದ ಮೆದುಳಿಗೆ ಲೆಕ್ಕ ಹತ್ತುವುದಿಲ್ಲ ಅಂತ ಆಮೇಲೆ ನನಗೂ ಬಿಡಿಸಿ ಹೇಳಿದಿರಿ. ಈಗ ಅವನ ಜಾಗ ಬಾಗಿಲ ಪಕ್ಕ, ಪಾಠದ ಕ್ರಮ ಪ್ರತಿ ವಾರ ಒಂದೇ, ಢೋಲು ಬರುವುದಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ತಾನೇ ಎದ್ದು ಬಂದು ಬೋರ್ಡಿನ ಮೇಲೆ ಭಿನ್ನರಾಶಿ ಬಿಡಿಸಿದ! ತುಂಬಾ ಥ್ಯಾಂಕ್ಸ್ ಅಕ್ಕಾ.